ದಾವಲ್‌ಬೀಯ ತಂಗಡಿ ಬೇಲಿ

ವಳಕಮದಿನ್ನಿಯ ದಾವಲ್‌ಬೀ ತನ್ನ ಹಿತ್ತಲಲ್ಲಿ ತಂಗಡಿ ಬೀಜ ಬಿತ್ತಿದ್ದಾಳೆ ಎಂಬ ಸುದ್ದಿ ಕೇಳಿ ಊರು ನಕ್ಕಿತು. ನಗುವಂಥ ಮಾತೇ ಆಗಿತ್ತು. ತಂಗಡಿಯನ್ನು ಯಾರಾದರೂ ಬಿತ್ತುತ್ತಾರೆಯೇ? ದಿನ್ನೆಯ ಮೇಲೆ, ಹಳ್ಳದ ದಂಡೆಗೆ, ಬಂಡಿ ಹಾದಿಯ ಎರಡೂ ಮಗ್ಗುಲಿಗೆ ತಾನೇ ಹುಟ್ಟಿ, ಮಳೆ ಬಂದರೂ ಬಾರದಿದ್ದರೂ ತಾನೇ ಬೆಳೆದು, ದಸರೆಯ ಹೊತ್ತಿಗೆ ಮೈತುಂಬ ಹಳದಿ ಹೂ ಹೊತ್ತು ನಿಲ್ಲುವ ಗಿಡ ಅದು. ದನ ಮುಟ್ಟುವುದಿಲ್ಲ. ಒಲೆಗೆ ಹಾಕಿದರೆ ಒಂದು ರೊಟ್ಟಿ ಬೇಯುವಷ್ಟರಲ್ಲಿ ಬೂದಿ. ಅಂಥ ಗಿಡಕ್ಕೆ ಪಾತಿ ಮಾಡಿ, ಹಳ್ಳದ ಒರತಿಯಿಂದ ಕೊಡ ಹೊತ್ತು ನೀರು ಹಾಕುವುದೆಂದರೆ ಏನು?

"ಒಬ್ಬಾಕಿ ಇದ್ದು ಇದ್ದು ತಲಿ ಕೆಟ್ಟೈತಿ ಆಕಿಗೆ" ಎಂದು ನೀರಿಗೆ ಬಂದ ಹೆಂಗಸರು ಮಾತಾಡಿಕೊಂಡರು.

ಒಬ್ಬಳೇ ಇದ್ದದ್ದಂತೂ ನಿಜ.

ಅವಳ ಗಂಡ ಖಾಜಾಸಾಬನ ಕಸುಬು ತಂಗಡಿಯದೇ. ರಾಯಚೂರಿನಲ್ಲಿ ಚರ್ಮ ಹದ ಮಾಡುವವರಿಗೆ ಈ ಗಿಡದ ತೊಗಟೆ ಬೇಕು. ಗುತ್ತೇದಾರನೊಬ್ಬ ಊರೂರಿನಿಂದ ತೊಗಟೆ ಕೊಂಡು ಕಳಿಸುತ್ತಿದ್ದ. ಖಾಜಾಸಾಬ್ ದಿನ್ನೆಯ ಮೇಲೆ ಗಿಡ ಕಡಿಯುವನು, ದಾವಲ್‌ಬೀ ಕೊಡತಿಯಿಂದ ಕೊಂಬೆ ಬಡಿದು ತೊಗಟೆ ಸುಲಿದು ಅಂಗಳದಲ್ಲಿ ಒಣಹಾಕುವಳು. ಮದುವೆಯಾಗಿ ಬಂದ ಹೊಸತರಲ್ಲಿ ಅವನು ಬುಡದಿಂದ ಗೇಣುದ್ದ ಬಿಟ್ಟೇ ಕುಡಗೋಲು ಹಾಕುತ್ತಿದ್ದ. "ಗೇಣು ಬಿಟ್ರ ಮುಂದಿನ ವರ್ಷ ಮತ್ತ ಇಷ್ಟೇ ಆಗತೈತಿ" ಎನ್ನುತ್ತಿದ್ದ. ಹೂವಿನ ಕಾಲದಲ್ಲಿ ಕಡಿಯಲು ಹೋದರೆ ಕರೀ ದುಂಬಿಗಳು ತಲೆಯ ಸುತ್ತ ಗುಂಯ್ಗುಡುತ್ತಿದ್ದವು. ಅವನು ತಲೆಗೆ ಬಟ್ಟೆ ಸುತ್ತಿಕೊಂಡು, "ಹೋಗ್ರಿ, ಹೋಗ್ರಿ, ಬ್ಯಾರೆ ಊರು ನೋಡ್ಕೋರಿ" ಎಂದು ಅವುಗಳ ಕೂಡ ಮಾತಾಡುತ್ತಿದ್ದ. ದಾವಲ್‌ಬೀಗೆ ನಗು ತಡೆಯುತ್ತಿರಲಿಲ್ಲ.

ಮುಂದೆ ದೊಡ್ಡ ಯುದ್ಧ ನಡೆದ ವರ್ಷಗಳಲ್ಲಿ ತೊಗಟೆಗೆ ಎಲ್ಲಿಲ್ಲದ ಗಿರಾಕಿ ಬಂತು. ಇನ್ನೂ ತಾ, ಇನ್ನೂ ತಾ ಎಂದು ಗುತ್ತೇದಾರ ಬೆನ್ನು ಹತ್ತಿದ. ಗೇಣಿನ ಮಾತು ಮರೆತುಹೋಯಿತು. ಖಾಜಾಸಾಬ್ ಗುದ್ದಲಿ ತೆಗೆದುಕೊಂಡು ಹೋಗಿ ಬೇರುಸಮೇತ ಕಿತ್ತ. ಅವನೊಬ್ಬನೇ ಅಲ್ಲ, ಸುತ್ತಲಿನ ಊರಿನವರೂ ಕಿತ್ತರು. ಕೆಲವೇ ವರ್ಷಗಳಲ್ಲಿ ದಿನ್ನೆ ಬೋಳಾಯಿತು. ತೊಗಟೆಗಾಗಿ ಬಂಡಿ ಕಟ್ಟಿಕೊಂಡು ದೂರ ದೂರ ಹೋಗುವ ಕಾಲ ಬಂತು.

ಹಾಗೆ ಖಾಜಾಸಾಬ್ ಬಂಡಿ ತುಂಬಿಕೊಂಡು ರಾಯಚೂರಿಗೆ ಹೋದದ್ದೇ ಕೊನೆ. ಅದು ನಿಜಾಮನ ಸೀಮೆಗೆ ಭಾರತ ಸರಕಾರದ ಫೌಜು ಬಂದ ಭಾದ್ರಪದ. ರಾಜ್ಯ ತಿರುವುಮುರುವಾದ ಆ ವಾರ ಯಾರು ಎಲ್ಲಿ ಸಿಕ್ಕರು, ಯಾರು ಎಲ್ಲಿಗೆ ಓಡಿದರು ಎಂಬುದು ಯಾರಿಗೂ ಗೊತ್ತಿಲ್ಲ. ಒಂದು ದಿನ ಹೊತ್ತು ಮುಳುಗುವಾಗ ಎರಡೂ ಎತ್ತು ಬಾಗಿಲ ಮುಂದೆ ಬಂದು ನಿಂತವು. ನೊಗ ಇಲ್ಲ, ಬಂಡಿ ಇಲ್ಲ. ಕೊರಳ ಹಗ್ಗ ನೆಲದ ಮೇಲೆ ಎಳೆಯುತ್ತಿತ್ತು. ದಾವಲ್‌ಬೀ ಅವಕ್ಕೆ ನೀರು ಕುಡಿಸಿ, ಹಾದಿಯ ಕಡೆ ನೋಡುತ್ತ ಕತ್ತಲಾಗುವವರೆಗೆ ನಿಂತಳು.

ಲಿಂಗಸುಗೂರಿನಲ್ಲಿ ಬಳೆ ಅಂಗಡಿ ಇಟ್ಟಿದ್ದ ಅವಳ ತಮ್ಮ ಲಾಲ್‌ಸಾಬ್ ರಾಯಚೂರಿನವರೆಗೆ ಹೋಗಿ ಹುಡುಕಿ ಬಂದ. ಒಬ್ಬರು ಹೈದರಾಬಾದಿನ ಹಾದಿ ಹಿಡಿದ ಅಂದರಂತೆ. ಇನ್ನೊಬ್ಬರು ಕರಾಚಿಗೆ ಹೋದವರ ಜೊತೆ ಹೋಗಿದ್ದಾನು ಅಂದರಂತೆ. ಬಹಳ ಮಂದಿ ಮುಖ ತಿರುಗಿಸಿದರಂತೆ.

ಊರಿನವರು ಅವಳಿಗೆ ಕೆಟ್ಟದ್ದೇನೂ ಮಾಡಲಿಲ್ಲ. ಆದರೆ ಅವಳ ಅಂಗಳಕ್ಕೆ ಬರುವುದನ್ನು ಬಿಟ್ಟರು. ಅದಕ್ಕೂ ಕಾರಣವಿತ್ತು. ಪಕ್ಕದ ಮನೆಯ ಜಂಬಣ್ಣನನ್ನು ಆ ವರ್ಷದ ಮುಂಗಾರಿನಲ್ಲಿ ನಿಜಾಮನ ಕಡೆಯ ರಜಾಕಾರರು ಕಟ್ಟಿಹಾಕಿ ಹೊಡೆದಿದ್ದರು. ಖಾಜಾಸಾಬ್ ಆ ಗುಂಪಿಗೆ ಸೇರಿದವನಲ್ಲ. ಆದರೆ ಹೊಡೆಯುವಾಗ ಅಲ್ಲೇ ನಿಂತಿದ್ದ, ಬ್ಯಾಡ ಅಂತ ಬಾಯಿ ಬಿಟ್ಟಿರಲಿಲ್ಲ. ಜಂಬಣ್ಣನ ಹೆಂಡತಿ ಬಸವಣ್ಣೆಮ್ಮ, ಮೊದಲು ದಿನಕ್ಕೆ ನಾಲ್ಕು ಸಲ ಹಿಟ್ಟಿಗೋ ಬೆಂಕಿಗೋ ಬರುತ್ತಿದ್ದವಳು, ಗೋಡೆಯ ಆಚೆಗೇ ಉಳಿದಳು. ಮೇವು ಹಾಕಲಾಗದೆ ಎತ್ತುಗಳ ಪಕ್ಕೆಲುಬು ಕಾಣತೊಡಗಿದಾಗ ಮಾತ್ರ ಜಂಬಣ್ಣ ಬಂದು, "ಮೇವು ನಾ ಹಾಕ್ತೀನಿ, ದುಡಿಮಿ ನಂದು. ಬೇಕಂದಾಗ ಕೇಳು" ಎಂದಷ್ಟೇ ಹೇಳಿ ಹೊಡೆದುಕೊಂಡು ಹೋದ. ದಿನಾ ಮುಂಜಾನೆ ಹೊಲಕ್ಕೆ ಹೋಗುವಾಗ ಆ ಎತ್ತುಗಳು ಅವಳ ಬಾಗಿಲ ಕಡೆ ಕತ್ತು ತಿರುಗಿಸುತ್ತಿದ್ದವು.

ಅವಳು ವಿಧವೆಯೋ ಮುತ್ತೈದೆಯೋ ಹೇಳುವವರಿರಲಿಲ್ಲ. ಪ್ರತಿ ಈದಿಗೂ ಲಾಲ್‌ಸಾಬ್ ಹಸಿರು ಬಳೆ ತರುತ್ತಿದ್ದ, ಅವಳು ಹಾಕಿಕೊಳ್ಳುತ್ತಿದ್ದಳು. ತೆಗೆದಿಟ್ಟರೆ ತಾನೇ ಕೈಯಾರೆ ಅವನನ್ನು ಮಣ್ಣು ಮಾಡಿದಂತೆ ಎನಿಸುತ್ತಿತ್ತು.

"ಆಪಾ, ನಮ್ಮ ಕೂಡ ಲಿಂಗಸುಗೂರಿಗೆ ಬಂದುಬಿಡು. ಅಂಗಡಿ ಹಿಂದಿನ ಖೋಲಿ ಖಾಲಿ ಐತಿ" ಎಂದು ಬಂದಾಗಲೆಲ್ಲ ಕರೆಯುತ್ತಿದ್ದ.

"ನಾ ಬಂದ್ರ, ಅವರು ತಿರುಗಿ ಬಂದಾಗ ಯಾವ ಬಾಗಲಿಗೆ ಬರಬೇಕು?" ಎನ್ನುತ್ತಿದ್ದಳು ದಾವಲ್‌ಬೀ.

ಹೊಟ್ಟೆಪಾಡಿಗೆ ಹಿತ್ತಲಿತ್ತು. ಕುಂಬಳ, ಸವತೆ, ಹೀರೆ, ಹಾಗಲ ಬೆಳೆದು ಸಿಂಧನೂರಿನ ಸಂತೆಗೆ ಬುಟ್ಟಿ ಹೊತ್ತು ಹೋಗುತ್ತಿದ್ದಳು. ಬಳ್ಳಿ ಕಟ್ಟುವುದು, ಕಳೆ ತೆಗೆಯುವುದು, ನೀರು ಹೊರುವುದು, ಇದರಲ್ಲೇ ಹೊತ್ತು ಹೋಗುತ್ತಿತ್ತು. ಸಂತೆಯಲ್ಲಿ ಗಿರಾಕಿಗಳ ಕೂಡ ಆಡುವ ಮಾತು ಬಿಟ್ಟರೆ ವಾರವೆಲ್ಲ ಅವಳ ಬಾಯಿಗೆ ಮಾತಿನ ಕೆಲಸವಿರಲಿಲ್ಲ. ಒಮ್ಮೊಮ್ಮೆ ಬಳ್ಳಿಗೆ ಏನೋ ಹೇಳಹೋಗಿ, ಗಂಟಲು ಕಟ್ಟಿ, ಕೆಮ್ಮಿ ಸರಿಮಾಡಿಕೊಳ್ಳಬೇಕಾಗುತ್ತಿತ್ತು.

ಕೆಲವು ವರ್ಷ ಹೀಗೆ ಕಳೆದ ಮೇಲೆ ಹಿತ್ತಲೂ ಕೈಕೊಟ್ಟಿತು. ಬಳ್ಳಿ ಹಬ್ಬಿತು, ಹೂ ಬಿಟ್ಟಿತು, ಕಾಯಿ ಮಾತ್ರ ನಿಲ್ಲಲಿಲ್ಲ. ಹೂವಿನ ಬುಡದಲ್ಲಿ ಬೆರಳ ತುದಿಯಷ್ಟು ಮೂಡಿದ ಹೀಚು ಹಳದಿಯಾಗಿ ಉದುರುತ್ತಿತ್ತು. ಆ ವರ್ಷದ ಮಹಾನವಮಿ ಅಮಾವಾಸ್ಯೆಯ ಹಿಂದಿನ ದಿನ ಬಸವಣ್ಣೆಮ್ಮ ಬಹಳ ದಿನಗಳ ಮೇಲೆ ಬೇಲಿಯ ಹತ್ತಿರ ಬಂದು ನಿಂತಳು.

"ಒಂದು ಕುಂಬಳಕಾಯಿ ಐತೇನು? ನಮ್ಮ ಹೊಲದಾಗ ಒಂದೂ ಹಿಡದಿಲ್ಲ ಈ ಸಲ."

"ನಂದೂ ಅದೇ ಹಣೇಬರ ಆಗೈತಕ್ಕಾ. ಒಳಗ ಬಂದು ನೋಡು."

ಬಸವಣ್ಣೆಮ್ಮ ಒಳಗೆ ಬರಲಿಲ್ಲ. ಬೇಲಿಯಾಚೆಯಿಂದಲೇ ಬಳ್ಳಿ ನೋಡಿ, "ಯಾರದೋ ಕಣ್ಣು ಬಿದ್ದೈತಿ. ಒಂದು ಹಳೇ ಕೆರವು ಕಟ್ಟು" ಎಂದು ಹೇಳಿ ಹೋದಳು.

ಮರುದಿನ ಮುಂಜಾನೆ ದಾವಲ್‌ಬೀ ಕುಂಬಳದ ಬಳ್ಳಿಯ ಎದುರಿಗೆ ಕುಳಿತಳು. ಬಟ್ಟಲಿನಂಥ ಹಳದಿ ಹೂಗಳು ಅರಳಿದ್ದವು. ಬಿಸಿಲೇರಿತು, ಹೂ ಬಾಡಿ ಬಾಯಿ ಮುಚ್ಚಿದವು. ಅಷ್ಟು ಹೊತ್ತಿನಲ್ಲಿ ಒಂದು ಜೇನುಹುಳ ಬರಲಿಲ್ಲ, ಒಂದು ದುಂಬಿ ಬರಲಿಲ್ಲ. ಕಣ್ಣು ಬಿದ್ದದ್ದಲ್ಲ, ಬರಬೇಕಾದವರು ಬರಲಿಲ್ಲ ಎಂದು ಅವಳಿಗೆ ಅರ್ಥವಾಯಿತು. ತವರಿನಲ್ಲಿ ತಾಯಿ ಮಾಡುತ್ತಿದ್ದುದು ನೆನಪಾಗಿ, ಮಾರನೆಯ ದಿನ ಗಂಡುಹೂ ಕಿತ್ತು ಎಸಳು ತೆಗೆದು ಅದರ ಪುಡಿಯನ್ನು ಕಾಯಿ ಹೊತ್ತ ಹೂವಿಗೆ ಮುಟ್ಟಿಸಿದಳು. ಹಾಗೆ ಮುಟ್ಟಿಸಿದ್ದಕ್ಕೆಲ್ಲ ಕಾಯಿ ನಿಂತಿತು. ಆದರೆ ಸವತೆಯ ಹೂ ಸಣ್ಣ, ಹೀರೆ ಅರಳುವುದು ಸಂಜೆಗೆ. ಎಷ್ಟಕ್ಕೆಂದು ಕೈ ಮುಟ್ಟಿಸಬೇಕು?

ಹುಳಗಳು ಎಲ್ಲಿ ಹೋದವು ಎಂದು ಅವಳು ಬಹಳ ಯೋಚಿಸಬೇಕಾಗಲಿಲ್ಲ. ಹಿತ್ತಲಿಂದ ಕತ್ತೆತ್ತಿದರೆ ಬೋಳು ದಿನ್ನೆ ಕಾಣುತ್ತಿತ್ತು. ಒಂದು ಕಾಲದಲ್ಲಿ ಶೀಗೀ ಹುಣ್ಣಿಮೆಯ ಹೊತ್ತಿಗೆ ಆ ದಿನ್ನೆ ಅರಿಶಿನ ಚೆಲ್ಲಿದಂತೆ ಇರುತ್ತಿತ್ತು. ಗಾಳಿ ಈ ಕಡೆ ಬೀಸಿದರೆ ಹುಳಗಳ ಸದ್ದು ಅಂಗಳಕ್ಕೇ ಕೇಳುತ್ತಿತ್ತು. ಆ ಗಿಡಗಳ ತೊಗಟೆಯನ್ನು ಬಡಿದು ಸುಲಿದದ್ದು ತನ್ನದೇ ಕೈ. ಬ್ಯಾರೆ ಊರು ನೋಡ್ಕೋರಿ ಅಂದಿದ್ದ ಅವನು, ಅವು ನೋಡಿಕೊಂಡಿದ್ದವು.

ಮುಂದಿನ ಸಲ ತಮ್ಮನ ಮನೆಯಿಂದ ಬರುವಾಗ ಅವಳು ಮಸ್ಕಿಯಲ್ಲಿ ಇಳಿದಳು. ಅಲ್ಲಿಯ ಗುಡ್ಡದ ಬುಡದಲ್ಲಿ ಬಂಡೆಗಳ ಸಂದಿನಲ್ಲಿ ಇನ್ನೂ ತಂಗಡಿ ಉಳಿದಿತ್ತು. ಹೂವಿನ ಕಾಲ ಮುಗಿದು ಚಪ್ಪಟೆ ಕಾಯಿಗಳು ಒಣಗಿ ಗಾಳಿಗೆ ಗಲಗಲ ಎನ್ನುತ್ತಿದ್ದವು. ಸೆರಗು ತುಂಬ ಕಿತ್ತುಕೊಂಡು ಬಂದಳು. ಬೀಜ ಬಲು ಗಟ್ಟಿ. ಮರಳಿನಲ್ಲಿ ತಿಕ್ಕಿ, ಬಿಸಿನೀರಿನಲ್ಲಿ ನೆನೆಹಾಕಿ, ಮುಂಗಾರಿನ ಮಿರಗದ ಮಳೆ ಬಿದ್ದ ಮೇಲೆ ಹಿತ್ತಲಿನ ಸುತ್ತ ಸಾಲು ಹಿಡಿದು ಊರಿದಳು. ಊರು ನಕ್ಕದ್ದು ಆಗಲೇ.

ಮೊದಲ ವರ್ಷ ಗಿಡ ಮೊಣಕಾಲೆತ್ತರ ಬಂತು, ಅಷ್ಟೇ. ಬೇಸಿಗೆಯಲ್ಲಿ ಎಲೆ ಉದುರಿ ಕಡ್ಡಿಯಾಗಿ ನಿಂತಿತು. ಸತ್ತೇ ಹೋಯಿತೆಂದುಕೊಂಡಳು. ಮಳೆ ಬಿದ್ದೊಡನೆ ಚಿಗುರಿತು. ಎರಡನೆಯ ವರ್ಷ ಅಲ್ಲೊಂದು ಇಲ್ಲೊಂದು ಗೊಂಚಲು ಹೂ ಬಿಟ್ಟವು, ಒಂದೆರಡು ಹುಳ ಬಂದು ನೋಡಿ ಹೋದವು. ಮಾಘದಲ್ಲಿ ಅವಳು ಕುಡಗೋಲು ತೆಗೆದುಕೊಂಡು ಗೇಣುದ್ದ ಬಿಟ್ಟು ಎಲ್ಲ ಗಿಡ ಕಡಿದಳು. ಕಡಿದಲ್ಲಿ ಒಂದಕ್ಕೆ ನಾಲ್ಕು ರೆಂಬೆ ಒಡೆದವು.

ಈ ನಡುವೆ ಊರಿಗೆ ಕಾಲುವೆ ಬರುತ್ತದೆ ಎಂಬ ಮಾತು ನಿಜವಾಯಿತು. ಸರಕಾರದವರು ಬಂದು ಕಲ್ಲು ನೆಟ್ಟು ಹೋದರು. ಹಿಂದೆಯೇ ಒಡ್ಡರು ಕತ್ತೆಗಳ ಸಮೇತ ಬಂದು ಬಿಡಾರ ಹೂಡಿದರು. ದಿನ್ನೆಯನ್ನು ಸೀಳಿ ಅಗೆದರು. ಅಲ್ಲಿ ಅಲ್ಪಸ್ವಲ್ಪ ಚಿಗುರಿಕೊಂಡಿದ್ದ ಹಳೆಯ ಬುಡಗಳೂ ಮಣ್ಣಿನ ಕೂಡ ಹೋದವು. ಹಳ್ಳದ ದಂಡೆ ಸಮ ಮಾಡಿದರು. ಸುತ್ತ ಎತ್ತ ನೋಡಿದರೂ ಹಸಿ ಮಣ್ಣಿನ ಗುಡ್ಡೆ.

ಮೂರನೆಯ ವರ್ಷ ದಾವಲ್‌ಬೀಯ ಬೇಲಿ ಹೂ ಬಿಟ್ಟ ರೀತಿಯೇ ಬೇರೆ. ಎಲೆ ಕಾಣದಂತೆ ಹಳದಿ. ಹಾದಿಯಲ್ಲಿ ಹೋಗುವವರು ನಿಂತು ನೋಡುವಂತಾಯಿತು. ಒಂದು ಮುಂಜಾನೆ ಬಾಗಿಲು ತೆಗೆದಾಗ ಅವಳಿಗೆ ಮೊದಲು ಕೇಳಿಸಿದ್ದು ಆ ಸದ್ದು. ಕರೀ ದುಂಬಿಯೊಂದು ಹೂವನ್ನು ಕಾಲಲ್ಲಿ ಅವಚಿಕೊಂಡು ಮೈಯೆಲ್ಲ ನಡುಗಿಸುತ್ತ ಗುಂಯ್ ಎನ್ನುತ್ತಿತ್ತು, ಹಳದಿ ಪುಡಿ ಹೊಗೆಯಂತೆ ಹಾರಿ ಅದರ ಬೆನ್ನಿಗೇ ಬೀಳುತ್ತಿತ್ತು. ಸಣ್ಣ ಜೇನುಹುಳಗಳು ಅದು ಚೆಲ್ಲಿದ್ದನ್ನು ಆಯ್ದುಕೊಳ್ಳುತ್ತಿದ್ದವು. ಅಲ್ಲಿಂದ ಎದ್ದು ಕುಂಬಳದ ಹೂವಿಗೆ ಹೋದವು, ಸವತೆಯ ಹೂವಿಗೆ ಹೋದವು. ದಾವಲ್‌ಬೀ ಗಟ್ಟಿಯಾಗಿ ನಕ್ಕಳು. ನಕ್ಕು, ಯಾರಿಗೆ ಹೇಳಲಿ ಎಂದು ಹಿಂದೆ ತಿರುಗಿದಳು. ಮನೆಯ ಬಾಗಿಲು ತೆರೆದೇ ಇತ್ತು, ಒಳಗೆ ಒಲೆಯ ಮೇಲೆ ಗಡಿಗೆ ಇತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕೆಲಸಕ್ಕೆ ಕೂತಳು.

ಅದೇ ಹೂವಿನ ದಿನಗಳಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ಕಾಲುವೆ ಕೆಲಸದ ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮನೊಬ್ಬ ನೀರು ಕೇಳಿಕೊಂಡು ಬಂದ. ಹೊಸಬ. ಬೆಳ್ಳಗಾದ ಗಡ್ಡ, ಒಂದು ಕಾಲು ಸ್ವಲ್ಪ ಕುಂಟು. ದಾವಲ್‌ಬೀ ತಂಬಿಗೆಯಲ್ಲಿ ನೀರು ಕೊಟ್ಟು ಬಾಗಿಲ ಮರೆಗೆ ಸರಿದಳು. ಅವನು ಕುಡಿಯುತ್ತ ಬೇಲಿಯನ್ನೇ ನೋಡುತ್ತಿದ್ದ.

"ತಂಗಡಿ ಇಷ್ಟು ಚಂದ ಬೆಳಸಿದ್ದು ನೋಡೇ ಇಲ್ಲ ನಾನು. ಒಂದು ಕಾಲದಾಗ ಇದರ ತೊಗಟಿ ಬಂಡಿ ಹೊಡೀತಿದ್ದೆ."

"ಎಲ್ಲಿಂದ ಹೊಡೀತಿದ್ರಿ?"

"ಮಸ್ಕಿಯಿಂದ. ನನ್ನ ಹೆಸರು ಇಮಾಮ್‌ಸಾಬ್. ರಾಯಚೂರಿನ ಹಾದಿ ಹಿಡದ್ರ ನಾಕೈದು ಬಂಡಿ ಕೂಡೇ ಹೋಗ್ತಿದ್ವಿ. ನನ್ನ ಮುಂದಿನ ಬಂಡಿ ಇದೇ ಊರಾಂವಂದು, ಖಾಜಾ ಅಂತ..." ಅಂದವನು ತಡೆದ. ಬಾಗಿಲ ಮರೆಯಲ್ಲಿ ಬಳೆಯ ಸದ್ದು ನಿಂತುಹೋಗಿತ್ತು.

"ನಾ ಅವರ ಮನಿಯಾಕಿ" ಎಂದಳು ದಾವಲ್‌ಬೀ.

ಇಮಾಮ್‌ಸಾಬ್ ತಂಬಿಗೆಯನ್ನು ಕೆಳಗಿಟ್ಟ.

"ನಿಮಗ ಯಾರೂ ಹೇಳಿಲ್ಲೇನಮ್ಮ?"

"ಇಲ್ಲ. ನೀವು ಹೇಳ್ರಿ."

"ನಿಮಗ ತಿಳಿದಿಲ್ಲಂತ ನನಗ ಗೊತ್ತಿರಲಿಲ್ಲಮ್ಮ. ನಾ ಆ ಭಯದಾಗ ಸೊಲ್ಲಾಪುರಕ್ಕ ಓಡಿ ಹೋಗಿ ಗಿರಣಿ ಸೇರಿದೆ. ಈ ವರ್ಷನೇ ತಿರುಗಿ ಬಂದೀನಿ." ಅವನು ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತ. "ಒಂದು ಹಳ್ಳ ದಾಟಬೇಕು, ಅಷ್ಟರಾಗ ಮಂದಿ ಬಂತು. ಯಾವ ಊರಿನವರೋ ಏನೋ. ಬಂಡಿ ಬಿಟ್ಟು ಓಡ್ರಿ ಅಂತ ನಾನೇ ಒದರಿದೆ. ಎಲ್ಲಾರೂ ಜ್ವಾಳದಾಗ ಬಿದ್ದು ಓಡಿದ್ವಿ. ಖಾಜಾ ಓಡಲಿಲ್ಲ. ಬಂಡಿಗೆ ಬೆಂಕಿ ಹಚ್ಚತಾರ, ಎತ್ತು ಸುಟ್ಟು ಹೋದಾವು ಅಂತ ನೊಗದಿಂದ ಕೊರಳ ಹಗ್ಗ ಬಿಚ್ಚಾಕ ನಿಂತ. ಒಂದು ಬಿಚ್ಚಿದ. ಇನ್ನೊಂದೂ ಬಿಚ್ಚಿದ. ಅಷ್ಟರಾಗ ಬಂದ್ರು."

ದಾವಲ್‌ಬೀ ಬಾಗಿಲ ಚೌಕಟ್ಟು ಹಿಡಿದು ಕೇಳಿದಳು.

"ಮಣ್ಣು?"

"ಮರುದಿನ ಅಲ್ಲೇ ಆಜೂಬಾಜೂ ಹೊಲದವರು ಹಳ್ಳದ ದಂಡೀಗೆ ಮಣ್ಣು ಮಾಡಿದ್ರಂತ. ಪಾಪ, ಹಿರೇರು ಯಾರೋ."

"ಎತ್ತು ಮನೀಗೆ ಬಂದ್ವು" ಎಂದಳು ದಾವಲ್‌ಬೀ.

ಅದನ್ನು ಕೇಳಿ ಇಮಾಮ್‌ಸಾಬ್ ಅತ್ತುಬಿಟ್ಟ. ಅವಳು ಇನ್ನೊಂದು ತಂಬಿಗೆ ನೀರು ತಂದು ಹೊಸ್ತಿಲ ಹೊರಗಿಟ್ಟಳು.

ಅವನು ಹೋದ ಮೇಲೆ ದಾವಲ್‌ಬೀ ಒಳಗೆ ಕೂತು ಬಳೆ ತೆಗೆದಳು. ಒಡೆಯಲಿಲ್ಲ. ಕೈ ಒತ್ತಿ ಒತ್ತಿ ಒಂದೊಂದೇ ಜಾರಿಸಿದಳು. ಮುಂಗೈಯ ಮೇಲೆ ಬಳೆ ಇದ್ದ ಜಾಗ ಬೆಳ್ಳಗೆ ಕಂಡಿತು. ಅಳು ಬರಬಹುದೆಂದು ಕಾದಳು. ಬಂದದ್ದು ಅಳುವಲ್ಲ. ಇಷ್ಟು ವರ್ಷ ಹಾದಿಯ ಕಡೆ ಚಾಚಿಕೊಂಡಿದ್ದ ಕಿವಿ ಸೋತು ಒಳಗೆ ಮರಳಿದಂಥ ಆಯಾಸ ಬಂತು.

ಸುದ್ದಿ ತಿಳಿದು ಲಾಲ್‌ಸಾಬ್ ಓಡಿ ಬಂದ. ಅಕ್ಕ ಬಿಳಿ ಸೀರೆ ಉಟ್ಟು ಮೂಲೆಯಲ್ಲಿ ಕೂತಿದ್ದಳು. ಗಂಡ ತೀರಿಕೊಂಡ ಹೆಂಗಸು ಹೊರಗೆ ಬರದೆ ಮನೆಯೊಳಗೆ ಕೂರುವ ಇದ್ದತ್ ಹಿಡಿಯುತ್ತೇನೆ ಎಂದಳು. ಅವನು ಲಿಂಗಸುಗೂರಿಗೆ ಹೋಗಿ ಖಾಜಿಯವರನ್ನು ಕೇಳಿ ಬಂದ.

"ಆಪಾ, ತೀರಿಕೊಂಡ ದಿನದಿಂದ ಲೆಕ್ಕ ಹಿಡೀಬೇಕಂತ. ನಿನ್ನ ಇದ್ದತ್ ಎಂದೋ ಮುಗದೈತಿ, ಕುಂದ್ರೋ ಜರೂರಿಲ್ಲ ಅಂದ್ರು."

"ಅವರ ಲೆಕ್ಕದಾಗ ಮುಗದಿರಬೌದು. ನಾ ಇನ್ನೂ ಕುಂತೇ ಇಲ್ಲಲ್ಲ."

ತಮ್ಮ ಬೇಕಾದ ಜೋಳ, ಬೇಳೆ ತಂದಿಟ್ಟು ಹೋದ.

ಹಿತ್ತಲಲ್ಲಿ ಎಂದೂ ಕಾಣದಷ್ಟು ಕಾಯಿ ಬಿಟ್ಟಿತ್ತು, ಕೀಳುವವರಿರಲಿಲ್ಲ. ಬಲಿತು ಹಣ್ಣಾಗತೊಡಗಿದಾಗ ಬಸವಣ್ಣೆಮ್ಮ ಬೇಲಿಯ ತಡಿಕೆ ಸರಿಸಿ ಒಳಗೆ ಬಂದಳು. ಏನೂ ಕೇಳದೆ ಬುಟ್ಟಿ ತುಂಬಿಸಿದಳು. "ಸಂತಿಗೆ ನಾ ಒಯ್ತೀನಿ. ನೀ ಒಳಗಽ ಇರು" ಎಂದು ಹೊರಗಿನಿಂದಲೇ ಕೂಗಿ ಹೇಳಿದಳು. ಆ ವಾರ ಒಯ್ದಳು, ಮುಂದಿನ ವಾರವೂ ಒಯ್ದಳು.

ದೀಪಾವಳಿ ಬಂತು. ಪಾಡ್ಯದ ದಿನ ಸಗಣಿಯ ಪಾಂಡವರನ್ನು ಮಾಡಿ ಬಾಗಿಲಿಗೆ ಕೂರಿಸುವಾಗ ತಲೆಗೆ ತಂಗಡಿ ಹೂ ಸಿಕ್ಕಿಸುವುದು ಈ ಸೀಮೆಯ ಪದ್ಧತಿ. ದಿನ್ನೆ ಹೋಗಿ ಕಾಲುವೆಯಾಗಿತ್ತು. ಹೂ ಇದ್ದದ್ದು ಒಂದೇ ಕಡೆ. ಬೆಳಗಿನ ಹೊತ್ತು ಹೆಂಗಸರ ಕಾಲ ಸಪ್ಪಳ ಬೇಲಿಯ ಹತ್ತಿರ ಬಂದು ನಿಂತದ್ದು ದಾವಲ್‌ಬೀಗೆ ಒಳಗೆ ಕೇಳಿಸಿತು. ಕೊನೆಗೆ ಬಸವಣ್ಣೆಮ್ಮನ ದನಿ ಬಂತು.

"ದಾವಲಬೀ, ಹೂ ಹರ್ಕೊಳ್ಳಾಕ ಬಂದೀವಿ. ತಗೊಳ್ಳೇನು?"

"ತಗೊಳ್ರಿ ಅಕ್ಕಾ. ಬೇಕಾದಷ್ಟು ತಗೊಳ್ರಿ. ದುಂಬಿ ಅದಾವ, ನೋಡ್ಕೊಂಡು" ಎಂದಳು ಒಳಗಿನಿಂದ.

ಅವಳು ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಕೇಳಿದಳು. ರೆಂಬೆ ಬಾಗಿಸುವ ಸದ್ದು. ಬಳೆಗಳು. ಯಾರೋ ಕೂಸಿಗೆ ಗದರಿಸಿದ್ದು. ಯಾರೋ ನಕ್ಕು, ಆಮೇಲೆ ಈ ಮನೆಯಲ್ಲಿ ನಗಬಾರದೆಂದು ನೆನಪಾಗಿ ಸುಮ್ಮನಾದದ್ದು. ಆರು ವರ್ಷದ ಮೇಲೆ ಅವಳ ಅಂಗಳದಲ್ಲಿ ಅಷ್ಟು ಮಂದಿ ನಿಂತಿದ್ದರು. ಎದ್ದು ಹೊರಗೆ ಹೋಗಿ ಒಬ್ಬೊಬ್ಬರ ಮುಖ ನೋಡಬೇಕೆನಿಸಿತು. ತಾನೇ ಹಿಡಿದ ಇದ್ದತ್, ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಸಪ್ಪಳವೆಲ್ಲ ಹಾದಿಯುದ್ದಕ್ಕೂ ಹರಿದು ದೂರವಾಯಿತು.

ಎಲ್ಲರೂ ಹೋದರೆಂದುಕೊಂಡಾಗ ಗಂಡಸಿನ ಕೆಮ್ಮು ಕೇಳಿತು. ಜಂಬಣ್ಣ.

"ದಾವಲಬೀ, ಹೊರಗ ಬರಬ್ಯಾಡ. ಅಲ್ಲಿಂದಽ ಕೇಳು. ನನ್ನ ಹೊಡದ ದಿನ ಖಾಜಾ ಅಲ್ಲೇ ನಿಂತಿದ್ದ, ತುಟಿ ಪಿಟ್ಟನ್ನಲಿಲ್ಲ. ಅದು ನನ್ನ ಹೊಟ್ಟಿಯೊಳಗ ಹಂಗಽ ಇತ್ತು. ಈಗೂ ಇಲ್ಲ ಅನ್ನಂಗಿಲ್ಲ ನಾನು. ಎತ್ತು ಬಿಚ್ಚಾಕ ನಿಂತಿದ್ನಂತ. ಮುಕಾದಮ ಹೇಳಿದ. ಅವು ಮುದಿ ಆಗ್ಯಾವ, ಆದ್ರೂ ತಂದು ನಿನ್ನ ಅಂಗಳದಾಗ ಕಟ್ಟಲೇನು?"

ದಾವಲ್‌ಬೀ ಬಾಗಿಲ ಸಂದಿಗೆ ಬಾಯಿಟ್ಟು ಹೇಳಿದಳು.

"ಬ್ಯಾಡಣ್ಣಾ. ನಿಮ್ಮ ಕೈಗೆ ರೂಢಿ ಆಗ್ಯಾವ. ಕಡೀತನಕ ನೀವಽ ನೋಡ್ಕೋರಿ."

"ಆತು" ಎಂದು ಜಂಬಣ್ಣ ಹೋದ.

ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಸಿ ಮಾಘದಲ್ಲಿ ಅವಳು ಹೊರಗೆ ಬಂದಳು. ಕಾಯಿ ಒಣಗಿ ಬೀಜ ಉದುರಿತ್ತು. ಹಿಂದಿನ ವರ್ಷದಂತೆಯೇ ಗೇಣುದ್ದ ಬಿಟ್ಟು ಬೇಲಿ ಕಡಿದಳು. ಆಮೇಲೆ ತಮ್ಮನನ್ನು ಕರೆದುಕೊಂಡು, ಇಮಾಮ್‌ಸಾಬ್ ಹೇಳಿದ ಗುರುತು ಹಿಡಿದು ಆ ಹಳ್ಳಕ್ಕೆ ಹೋದಳು. ದಂಡೆಯಲ್ಲಿ ಗುರುತೆನ್ನುವುದೇನೂ ಇರಲಿಲ್ಲ. ಹಳ್ಳ ಒಂದೆರಡು ಮಳೆಗಾಲದಲ್ಲಿ ಮಗ್ಗುಲು ಬದಲಿಸಿತ್ತು, ಹಾದಿಯನ್ನು ಅಗಲ ಮಾಡಿ ಜಲ್ಲಿ ಹಾಕಿದ್ದರು. ಕೊಯ್ಲಾದ ಜೋಳದ ಹೊಲದಲ್ಲಿದ್ದ ಮುದುಕನೊಬ್ಬ ಕೈಯೆತ್ತಿ, "ಆ ಜಾಲಿ ಗಿಡದ ಹತ್ರ ಇರಬೇಕವ್ವ. ಇಲ್ಲಾ ಈ ಕಡೆ. ಆವಾಗ ನಾವು ನೋಡಾಕ ಹೋಗಲಿಲ್ಲ" ಎಂದ. ಲಾಲ್‌ಸಾಬ್ ಸತ್ತವನ ಹೆಸರಿಗೆ ಫಾತಿಹಾ ಓದಿದ. ದಾವಲ್‌ಬೀ ಜಾಲಿಯ ಕಡೆಗೂ ನಿಂತಳು, ಈ ಕಡೆಗೂ ನಿಂತಳು. ಎರಡು ಕಡೆಯೂ ನೆಲ ಒಂದೇ ಥರ ಇತ್ತು. ಬಸ್ಸು ಬಂತು, ಹತ್ತಿದರು.

ಬಸ್ಸಿನಲ್ಲಿ ತಮ್ಮ ಮೆಲ್ಲಗೆ ಕೇಳಿದ. "ಈಗಾದ್ರೂ ಬರ್ತೀಯೇನು ಆಪಾ?"

ಬಾರದೆ ಇರುವುದಕ್ಕೆ ಹೇಳುತ್ತಿದ್ದ ಮಾತು ಈಗ ಅವಳ ಬಳಿ ಇರಲಿಲ್ಲ. ಮುಂಗಾರು ಹಿಡಿಯುವ ಮೊದಲು ಮನೆಗೆ ಬೀಗ ಹಾಕಿ ಲಿಂಗಸುಗೂರಿಗೆ ಹೋದಳು.

ಅಲ್ಲಿ ಎಲ್ಲರೂ ಒಳ್ಳೆಯವರು. ತಮ್ಮನ ಹೆಂಡತಿ ಪೀರ್‌ಬೀ ಒಂದು ಕೊಡ ಎತ್ತಲು ಬಿಡುತ್ತಿರಲಿಲ್ಲ. "ನೀವು ಕುಂದ್ರಿ ಆಪಾ" ಎನ್ನುತ್ತಿದ್ದಳು. ದಾವಲ್‌ಬೀ ಕೂರುತ್ತಿದ್ದಳು. ಮಕ್ಕಳು ಬಂದು ತೊಡೆಯೇರಿ, ಇಳಿದು, ಆಟಕ್ಕೆ ಓಡುತ್ತಿದ್ದವು. ಅಂಗಡಿಗೆ ಬಂದ ಹೆಂಗಸರು ಕೈ ಒತ್ತಿಸಿಕೊಂಡು ಬಳೆ ಇಡಿಸಿಕೊಳ್ಳುತ್ತ ಗಂಡಂದಿರ ಮೇಲೆ ದೂರು ಹೇಳಿ ನಗುತ್ತಿದ್ದರು. ಗೋಡೆಯ ಈಚೆ ಕೂತು ಅವಳು ಕೇಳುತ್ತಿದ್ದಳು. ತುಂಬಿದ ಮನೆಯಲ್ಲಿ ಅವಳಿಗೆ ಕೆಲಸವಿರಲಿಲ್ಲ, ಅಳಲು ಮೂಲೆಯಿರಲಿಲ್ಲ. ಸಂಜೆಯಾದರೆ ಕೈಗಳು ತಾವಾಗಿಯೇ ತೊಡೆಯ ಮೇಲೆ ಏನನ್ನೋ ಹುಡುಕುತ್ತಿದ್ದವು. ಶ್ರಾವಣ ಕಳೆಯಿತು, ಭಾದ್ರಪದ ಕಳೆಯಿತು. ಒಂದು ದಿನ ಪೀರ್‌ಬೀಗೆ ಹೇಳಿದಳು. "ನಾ ಊರಿಗೆ ಹೋಗ್ತೀನಿ ಬೇಟಿ. ಸಿಟ್ಟಿಲ್ಲ. ಇಲ್ಲಿ ನನಗ ಏನೂ ಕಡಿಮಿ ಮಾಡಿಲ್ಲ ನೀನು."

"ಅಲ್ಲಿ ಯಾರದಾರ ಆಪಾ ನಿಮಗ?"

"ಯಾರೂ ಇಲ್ಲ."

ಊರಿಗೆ ಬಂದು ಬೇಲಿಯ ತಡಿಕೆ ತೆಗೆದಾಗ ದಾವಲ್‌ಬೀ ಅಲ್ಲೇ ನಿಂತಳು. ಅವಳು ಇಲ್ಲದ ಮಳೆಗಾಲದಲ್ಲಿ ತಂಗಡಿ ತಲೆಯೆತ್ತರ ಬೆಳೆದು ಇಡೀ ಬೇಲಿ ಹೂವಾಗಿತ್ತು. ಹಿತ್ತಲಲ್ಲಿ ಹುಲ್ಲು ಸೊಂಟಕ್ಕೆ ಬಂದಿತ್ತು, ಬಳ್ಳಿ ಹಾಕಿದವರಿರಲಿಲ್ಲ. ಆದರೂ ದುಂಬಿಗಳು ಬಂದಿದ್ದವು, ಜೇನು ಬಂದಿತ್ತು. ಉದುರಿದ ಬೀಜದಿಂದ ಬೇಲಿಯ ಹೊರಗೂ, ಕಾಲುವೆ ಏರಿಯ ಮಣ್ಣಿನ ಮೇಲೂ ಸಣ್ಣ ಸಸಿಗಳು ಎದ್ದಿದ್ದವು. ಅವಳು ಇದ್ದರೂ ಇಲ್ಲದಿದ್ದರೂ ಇದು ಇನ್ನು ನಡೆಯುತ್ತದೆ. ಅದನ್ನು ತಿಳಿದಾಗ ಅವಳ ಎದೆಯಲ್ಲಿ ಸಣ್ಣಗೆ ನೋವೆದ್ದಿತು, ಒಂದು ಬಗೆಯ ಹಗುರವೂ ಆಯಿತು. ಸೆರಗು ಕಟ್ಟಿ ಹುಲ್ಲು ಕೀಳಲು ಕೂತಳು.

ಅದರ ಮುಂದಿನ ವರ್ಷ ಕಾಲುವೆಗೆ ನೀರು ಬಿಟ್ಟರು. ಊರೆಲ್ಲ ಏರಿಯ ಮೇಲೆ ನಿಂತಿತ್ತು. ಆರತಿ ತಂದವರು, ಕಾಯಿ ಒಡೆದವರು, ನೀರಿಗೆ ಕೈ ಹಾಕಿ ಕಣ್ಣಿಗೊತ್ತಿಕೊಂಡವರು. ಬಸವಣ್ಣೆಮ್ಮ ಗುಂಪಿನ ಮಧ್ಯದಿಂದ, "ಬಾರಬೇ, ಇಲ್ಲಿ ಬಾ, ಚಂದ ಕಾಣತೈತಿ" ಎಂದು ಕರೆದಳು. ದಾವಲ್‌ಬೀ ಹೋಗಿ ಅವಳ ಮಗ್ಗುಲಿಗೆ ನಿಂತಳು. ಕೆಂಪು ನೀರು ಕಸಕಡ್ಡಿ ನೂಕಿಕೊಂಡು, ನೊರೆ ಕಟ್ಟಿಕೊಂಡು ನಿಧಾನ ಬಂತು. ಇನ್ನು ನೆಲ್ಲು ಬೆಳೆಯುತ್ತದೆ, ಆಂಧ್ರದ ಕಡೆಯ ರೈತರು ಹೊಲ ಕೇಳಿಕೊಂಡು ಬರುತ್ತಿದ್ದಾರೆ, ನಿನ್ನ ತುಂಡು ಭೂಮಿಗೂ ಒಳ್ಳೆ ಬೆಲೆ ಬಂದೀತು ಎಂದು ಯಾರೋ ಅವಳಿಗೆ ಹೇಳಿದರು. ಅವಳು ತಿರುಗಿ ತನ್ನ ಬೇಲಿಯ ಕಡೆ ನೋಡಿದಳು.

ಹೊತ್ತು ಇಳಿಯುವಾಗ ಎಲ್ಲರೂ ತಮ್ಮ ತಮ್ಮ ಮನೆಗೆ ಹೋದರು. ದಾವಲ್‌ಬೀಯೂ ಬಂದು ಒಲೆ ಹೊತ್ತಿಸಿದಳು, ಎರಡು ರೊಟ್ಟಿ ಬಡಿದಳು. ಕಾಲುವೆಯಲ್ಲಿ ನೀರು ಹರಿಯುವ ಸದ್ದು ಮೊದಲ ಸಲ ಮನೆಯೊಳಗೆ ಕೇಳಿಸುತ್ತಿತ್ತು. ಅದೇನೆಂದು ಮೊದಲು ಗೊತ್ತಾಗದೆ ಅವಳು ಕೈ ತಡೆದು ಕೇಳಿದಳು. ಗೊತ್ತಾದ ಮೇಲೆ ತಟ್ಟೆಯನ್ನು ಎತ್ತಿಕೊಂಡು ಹೋಗಿ ಹಿತ್ತಲ ಬಾಗಿಲ ಹೊಸ್ತಿಲ ಮೇಲೆ, ತಂಗಡಿ ಬೇಲಿಗೆ ಮುಖ ಮಾಡಿ ಕೂತು ಊಟ ಮಾಡಿದಳು.